ಫಿಕ್ಸಿಂಗ್ ಆಫರ್ ಬಂದರೆ ಅವತ್ತೇ ಏನು ಮಾಡಬೇಕು

ನಾನು ಕ್ರಿಕೆಟ್ ಕೋಚ್. ಹೊಸ ಹುಡುಗರು ಬಂದ ದಿನ, ಪ್ಯಾಡ್ ಕಟ್ಟಿಸುವ ಮೊದಲೇ ಈ ಮಾತು ಹೇಳುತ್ತೇನೆ. ಒಮ್ಮೆ ನನ್ನ ಹುಡುಗನೊಬ್ಬನಿಗೆ ಫಿಕ್ಸಿಂಗ್ ಆಫರ್‌ನ ಮೆಸೇಜ್ ಬಂದಿತ್ತು. ಹೆದರಿ ಅಳಿಸಿಬಿಟ್ಟ. ನನಗೆ ಹೇಳಿದ್ದು ಎರಡು ವಾರ ಬಿಟ್ಟು. ಅವನು ತಪ್ಪು ಮಾಡಿರಲಿಲ್ಲ, ಆದರೆ ಅದನ್ನು ತೋರಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ.

'ಮ್ಯಾಚ್ ಸೋತುಬಿಡು' ಅಂತ ಯಾರೂ ಶುರು ಮಾಡುವುದಿಲ್ಲ. ಅಭಿಮಾನಿ ಅಂತ ಬರುತ್ತಾರೆ, ಉಡುಗೊರೆ ಕೊಡುತ್ತಾರೆ. ಆಮೇಲೆ ನಾಳೆ ಯಾರು ಆಡುತ್ತಾರೆ ಅಂತ ಸುಮ್ನೆ ಕೇಳಿದ ಹಾಗೆ ಕೇಳುತ್ತಾರೆ. ಬೆಟ್ಟಿಂಗ್‌ಗೆ ಬಳಸಬಹುದು ಎಂದು ಗೊತ್ತಿದ್ದೂ ತಂಡದ ಒಳಗಿನ ಸುದ್ದಿ ಕೊಟ್ಟರೆ, ಐಸಿಸಿ (ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ) ನಿಯಮದಲ್ಲಿ ಅದೂ ಅಪರಾಧವೇ.

ಒಂದು ನೋ-ಬಾಲ್‌ನಿಂದ ಏನಾಗುತ್ತೆ ಅನ್ನಬೇಡಿ. 2010ರ ಲಾರ್ಡ್ಸ್ ಟೆಸ್ಟ್‌ನಲ್ಲಿ ದುಡ್ಡಿನ ಒಪ್ಪಂದಕ್ಕಾಗಿ ಬೇಕೆಂದೇ ಹಾಕಿದ್ದು ಮೂರು ನೋ-ಬಾಲ್. ಮರುವರ್ಷ ಇಂಗ್ಲೆಂಡಿನ ಕೋರ್ಟ್ ಮೂವರು ಪಾಕಿಸ್ತಾನಿ ಆಟಗಾರರಿಗೆ ಜೈಲು ಶಿಕ್ಷೆ ಕೊಟ್ಟಿತು. ನಾಯಕ ಸಲ್ಮಾನ್ ಬಟ್‌ಗೆ 30 ತಿಂಗಳು.

ಆಫರ್ ಬಂದರೆ 'ಬೇಡ' ಅನ್ನಿ, ಅಷ್ಟೇ. ಎಷ್ಟು ಕೊಡ್ತೀರಾ ಅಂತ ಕೇಳಬೇಡಿ, ನೀವೇ ಹಿಡಿದುಕೊಡಲು ಹೋಗಬೇಡಿ. ದುಡ್ಡು ಕೈಗೆ ಬರದಿದ್ದರೂ ಲಂಚಕ್ಕೆ ಒಪ್ಪಿಕೊಂಡರೆ ಸಾಕು, ಐಸಿಸಿ ನಿಯಮ ಮುರಿದಂತೆ.

ಮೆಸೇಜ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆಯಿರಿ. ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಏನು ಅಂದರು, ಪಕ್ಕದಲ್ಲಿ ಯಾರಿದ್ದರು, ಎಲ್ಲವನ್ನೂ ಅವರದೇ ಮಾತಿನಲ್ಲಿ ಬರೆದಿಡಿ.

ಆಮೇಲೆ ಅವತ್ತೇ ಕ್ರಿಕೆಟ್ ಮಂಡಳಿಯ ಭ್ರಷ್ಟಾಚಾರ ತಡೆ ಅಧಿಕಾರಿಗೆ ಹೇಳಿ. ನನಗೆ ಹೇಳಿದರೆ ಸಾಲದು, ನಾಯಕನಿಗೆ ಹೇಳಿದರೂ ಸಾಲದು. ನನಗೆ ಜಾಸ್ತಿ ಭಯ ಇರುವುದು ಇಲ್ಲೇ. ಒಳ್ಳೆಯ ಹುಡುಗರೂ 'ನಾನು ಒಪ್ಪಲಿಲ್ಲವಲ್ಲ' ಅಂತ ಸುಮ್ಮನಾಗುತ್ತಾರೆ. ಬಾಂಗ್ಲಾದೇಶದ ಶಕೀಬ್ ಅಲ್ ಹಸನ್ ಮೇಲೆ 2019ರಲ್ಲಿ ಬಂದ ಆರೋಪ ಪಂದ್ಯ ಫಿಕ್ಸ್ ಮಾಡಿದ್ದಲ್ಲ, ಬುಕ್ಕಿ (ಬೆಟ್ಟಿಂಗ್ ನಡೆಸುವವ) ಸಂಪರ್ಕಿಸಿದ್ದನ್ನು ತಿಳಿಸದೇ ಇದ್ದದ್ದು. ಅದಕ್ಕೆ ಎರಡು ವರ್ಷ ನಿಷೇಧ, ಅದರಲ್ಲಿ ಒಂದು ವರ್ಷವನ್ನು ಷರತ್ತಿನ ಮೇಲೆ ಜಾರಿ ಮಾಡದೆ ತಡೆಹಿಡಿದರು. ಜಿಂಬಾಬ್ವೆಯ ಬ್ರೆಂಡನ್ ಟೇಲರ್ ತಾವಾಗಿಯೇ ಹೇಳಿದರು, ಆದರೆ ತಿಂಗಳುಗಳ ನಂತರ. ಆ ತಡವೂ 2022ರ ಮೂರೂವರೆ ವರ್ಷದ ನಿಷೇಧಕ್ಕೆ ಒಂದು ಕಾರಣವಾಯಿತು. ಬೆದರಿಕೆ ಬಂದಿದ್ದರೆ ಪೊಲೀಸರಿಗೂ ಹೇಳಿ. ಗೆಳೆಯರ ಗುಂಪಿನಲ್ಲಿ ಮಾತ್ರ ಬೇಡ, ಸುದ್ದಿ ಬುಕ್ಕಿಯ ಕಿವಿಗೂ ಬೀಳುತ್ತದೆ.

ಕಾನೂನು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ 1964ರಿಂದಲೇ ಕ್ರೀಡಾ ಲಂಚಕ್ಕೆ ಪ್ರತ್ಯೇಕ ಕಾನೂನಿದೆ, ಐದು ವರ್ಷದವರೆಗೆ ಜೈಲು. ಶ್ರೀಲಂಕಾದ 2019ರ ಕಾನೂನಿನಲ್ಲಿ ಹತ್ತು ವರ್ಷದವರೆಗೆ. ಕೋರ್ಟ್ ಬಿಟ್ಟರೂ ಕ್ರೀಡಾ ಸಂಸ್ಥೆ ಬಿಡಬೇಕೆಂದಿಲ್ಲ. 1919ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಹಗರಣದಲ್ಲಿ ಜ್ಯೂರಿ ಆಟಗಾರರನ್ನು ಬಿಡುಗಡೆ ಮಾಡಿತು, ಆದರೂ ಎಂಟು ಮಂದಿಗೆ ಆಜೀವ ನಿಷೇಧ ಬಿತ್ತು.

ಈಗಾಗಲೇ ಏನಾದರೂ ತೆಗೆದುಕೊಂಡುಬಿಟ್ಟಿದ್ದೀರಾ? ಮುಚ್ಚಿಡಬೇಡಿ. ವಕೀಲರನ್ನು ಕರೆದುಕೊಂಡು ಹೋಗಿ ಪೂರ್ತಿ ಹೇಳಿ. ಬೇಗ ಒಪ್ಪಿಕೊಂಡು ತನಿಖೆಗೆ ಸಹಕರಿಸಿದ್ದನ್ನು ಶಿಕ್ಷೆ ತೀರ್ಮಾನಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.