ಬೆಳಿಗ್ಗೆ ಏಳದ ಕಂಪ್ಯೂಟರಿಗೆ ಹೇರ್ ಡ್ರೈಯರ್ ಮದ್ದು

"ಬೋರ್ಡ್ ಸತ್ತಿದೆ, ಹೊಸದು ಹಾಕಿಸಿ" ಎಂದು ಪೇಟೆಯ ಎರಡು ಅಂಗಡಿಯವರು ಕೈತೊಳೆದುಕೊಂಡಿದ್ದ ಡೆಸ್ಕ್‌ಟಾಪ್ ಅದು. ಶಿರಸಿ ಕಡೆಯ ಒಂದು ಸಹಕಾರ ಸಂಘದ್ದು, ಇಂಟೆಲ್ಲಿನ ಹಳೆಯ ಕೋರ್ ಟು ಡ್ಯುಯೋ ಪ್ರೊಸೆಸರಿನ ಕಾಲದ ಮದರ್ ಬೋರ್ಡ್. ಬೋರ್ಡ್, ಪ್ರೊಸೆಸರ್, ರ್ಯಾಮ್ ಎಲ್ಲ ಸೇರಿ ಹದಿನೆಂಟು ಸಾವಿರದ ಆಸುಪಾಸು ಅಂದಾಜು ಕೊಟ್ಟಿದ್ದರು. ಸಂಘದವರಿಗೆ ಹಣಕ್ಕಿಂತ ಹೊಸ ಬೋರ್ಡುಗಳಲ್ಲಿ ಅಪರೂಪವಾದ ಪ್ಯಾರಲಲ್ ಪೋರ್ಟಿನ (ಹಳೆಯ ಪ್ರಿಂಟರ್ ಜೋಡಿಸುವ ಕಿಂಡಿ) ಚಿಂತೆ. ರಸೀದಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅದಕ್ಕೇ ಜೋತುಬಿದ್ದಿತ್ತು.

ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಒಂದು ಕ್ಷಣ ತಿರುಗಿ ನಿಲ್ಲುತ್ತದೆ, ತಾನೇ ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಬೀಪ್ ಇಲ್ಲ. ಕಾಲು ಗಂಟೆ ಹೀಗೆ ಒದ್ದಾಡಿ ಎದ್ದಿತೆಂದರೆ ಸಂಜೆಯವರೆಗೆ ತಕರಾರಿಲ್ಲ. ಮಧ್ಯಾಹ್ನ ಆರಿಸಿ ಹಾಕಿದರೂ ಕೂಡಲೇ ಏಳುತ್ತದೆ. ಬೇಸಿಗೆಯಲ್ಲಿ ಈ ಕಾಟ ಕಡಿಮೆ, ಮಳೆಗಾಲದಲ್ಲಿ ಹೆಚ್ಚು. ಈ ಕೊನೆಯ ಮಾತು ಗುಮಾಸ್ತರದು. ಅಂಗಡಿಯವರು ಅವರನ್ನು ಕೇಳಿರಲೇ ಇಲ್ಲ.

ರ್ಯಾಮ್ ಉಜ್ಜಿದ್ದು, ಬೋರ್ಡಿನ ಮೇಲಿನ ಸಿಆರ್ 2032 ಬಟನ್ ಸೆಲ್ ಬದಲಿಸಿದ್ದು, ಕ್ಯಾಬಿನೆಟ್ಟಿನಿಂದ ಬೋರ್ಡ್ ಹೊರತೆಗೆದು ಮೇಜಿನ ಮೇಲೆ ಚಾಲೂ ಮಾಡಿದ್ದು ಎಲ್ಲ ವ್ಯರ್ಥವಾಯಿತು. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಅಳೆದರೆ 12.1, 5.08, 3.3 ವೋಲ್ಟ್, ಎಲ್ಲ ಸರಿ. ಆದರೂ ಎಂಟುನೂರು ರೂಪಾಯಿಯ ಹೊಸದನ್ನು ಹಾಕಿ ನೋಡಿದೆ. ಮರುದಿನ ಬೆಳಿಗ್ಗೆ ಅದೇ ಕುಣಿತ. ಆ ಎಸ್‌ಎಂಪಿಎಸ್ ಬೇರೆಯವರಿಗೆ ಹೋಯಿತು, ನಷ್ಟವಾಗಲಿಲ್ಲ.

ಉಳಿದದ್ದು ಪ್ರೊಸೆಸರಿನ ಸುತ್ತಲಿನ ಕೆಪ್ಯಾಸಿಟರುಗಳು, ವಿದ್ಯುತ್ತನ್ನು ಕೂಡಿಟ್ಟು ವೋಲ್ಟೇಜ್ ಅಲುಗದಂತೆ ಹಿಡಿಯುವ ಪುಟ್ಟ ಡಬ್ಬಿಗಳು. ಒಂದರ ತಲೆಯೂ ಉಬ್ಬಿರಲಿಲ್ಲ, ಸೋರಿರಲಿಲ್ಲ. ಅದಕ್ಕೇ ಅವೇ ಕೆಟ್ಟಿವೆ ಎಂಬ ನನ್ನ ಮಾತನ್ನು ಯಾರೂ ನಂಬಲಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗಲೇ ಹೆಂಡತಿಯ ಹೇರ್ ಡ್ರೈಯರಿನಿಂದ ಆ ಸಾಲಿಗೆ ಎರಡು ಮೂರು ನಿಮಿಷ ಬಿಸಿಗಾಳಿ ಕೊಟ್ಟು ಬಟನ್ ಒತ್ತಿದೆ. ಮೊದಲ ಒತ್ತಿಗೇ ಎದ್ದಿತು! ಕಾಕತಾಳೀಯವಿರಬಹುದೆಂದು ಮರುದಿನ ರಟ್ಟಿನಲ್ಲಿ ತೂತು ಮಾಡಿ ರ್ಯಾಮ್ ಕಡೆಯ ಸಾಲಿಗೆ ಮಾತ್ರ ಬಿಸಿ ಕೊಟ್ಟೆ. ಏಳಲಿಲ್ಲ. ಪ್ರೊಸೆಸರ್ ಸಾಲಿಗೆ ಕೊಟ್ಟೆ, ಎದ್ದಿತು. ಒಳಗಿನ ದ್ರಾವಣ ಒಣಗಿದ ಕೆಪ್ಯಾಸಿಟರ್ ಚಳಿಗೆ ಇನ್ನಷ್ಟು ಸೋಲುತ್ತದೆ, ಬಿಸಿಗೆ ತುಸು ಚೇತರಿಸಿಕೊಳ್ಳುತ್ತದೆ. ಅದು ಸೋತಾಗ ಆಗುವ ವೋಲ್ಟೇಜಿನ ವೇಗದ ಏರಿಳಿತ ಸಾದಾ ಮಲ್ಟಿಮೀಟರಿಗೆ ಕಾಣುವುದಿಲ್ಲ.

ನಡುವೆ ಒಂದು ಚೇಷ್ಟೆಯನ್ನೂ ಮಾಡಿದೆ. ಕೋಳಿಮರಿಗಳಿಗೆ ಕಾವು ಕೊಡುವಂತೆ ರಾತ್ರಿಯಿಡೀ ಕ್ಯಾಬಿನೆಟ್ಟಿನೊಳಗೆ ನಲವತ್ತು ವ್ಯಾಟಿನ ಬಲ್ಬ್ ಉರಿಸಿಟ್ಟೆ. ಬೆಳಿಗ್ಗೆ ಯಂತ್ರ ಚಕ್ಕನೆ ಎದ್ದಿತು. ರಿಪೇರಿಯೇ ಬೇಡ, ಬಲ್ಬೇ ಸಾಕು ಎಂದು ಸಂಘದ ಕಾರ್ಯದರ್ಶಿಗಳು ಹೊರಟಿದ್ದರು. ಬೆಂಕಿಯ ಭಯ ಹುಟ್ಟಿಸಿ ತಡೆಯಬೇಕಾಯಿತು.

ಕೆಪ್ಯಾಸಿಟರುಗಳನ್ನು ಬಿಚ್ಚಿ ಅಳೆದಾಗ ಸಾಮರ್ಥ್ಯ 1500 ಮೈಕ್ರೋಫ್ಯಾರಡ್ ಇರಬೇಕಾದವು ಒಂಬೈನೂರು, ಸಾವಿರ ತೋರಿಸಿದವು. ಇಎಸ್‌ಆರ್, ಅಂದರೆ ಒಳಗಿನ ತಡೆ, ತೀರ ಕಡಿಮೆ ಇರಬೇಕಾದದ್ದು ಒಂದು ಓಮ್ ದಾಟಿದ್ದವೂ ಇದ್ದವು. ಊರಿನ ರೇಡಿಯೋ ಅಂಗಡಿಯ ಐದು ರೂಪಾಯಿಯ ಸಾದಾ ಮಾಲು ಹಾಕಿದಾಗ ವಾರದೊಳಗೆ ತಾನೇ ರೀಸ್ಟಾರ್ಟ್ ಆಗತೊಡಗಿತು. ಆಮೇಲೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ 105 ಡಿಗ್ರಿ ಬಿಸಿ ತಾಳುವ, 6.3 ವೋಲ್ಟಿನ ಲೋ ಇಎಸ್‌ಆರ್ ಮಾಲು ತರಿಸಿದೆ. ತಲಾ ಹದಿನೈದು ರೂಪಾಯಿ ಇರಬೇಕು, ಎಂಟೋ ಒಂಬತ್ತೋ ಬೇಕಾದವು; ಕೊರಿಯರಿನ ಖರ್ಚು ಬೇರೆ. ಅಲ್ಲಿಯೂ ನಕಲಿ ಧಾರಾಳವಾಗಿದೆ. ಅಸಲಿಯನ್ನು ಯಾರಿಂದ ತರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಸೋಲ್ಡರ್ ತೆಗೆಯುವಾಗ ಗ್ರೌಂಡ್ ಕಾಲು ಸತಾಯಿಸುತ್ತದೆ. ಬೋರ್ಡಿನ ತಾಮ್ರವೇ ಬಿಸಿಯನ್ನೆಲ್ಲ ಹೀರುವುದರಿಂದ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲದು, 60 ಬೇಕು. ತೂತು ಮುಚ್ಚಿಕೊಂಡರೆ ಸೋಲ್ಡರ್ ಹೀರುವ ಪಂಪ್ ಇಲ್ಲದೆ ಬಿಡಿಸುವ ಉಪಾಯ ನನ್ನಲ್ಲಿದೆ. ಅದೇ ನನ್ನ ಅನ್ನ, ಕ್ಷಮಿಸಿ.

ಒಂಬೈನೂರು ರೂಪಾಯಿ ತೆಗೆದುಕೊಂಡೆ. ಎರಡನೇ ಮಳೆಗಾಲ ದಾಟಿತು, ಯಂತ್ರ ಒಂದೇ ಒತ್ತಿಗೆ ಏಳುತ್ತಿದೆ. ಬೋರ್ಡ್ ಸತ್ತಿದೆ ಎಂದ ಅಂಗಡಿಗಳ ಪೈಕಿ ಒಂದರಿಂದ ಈಗ ನನಗೆ ಬೋರ್ಡುಗಳು ಬರುತ್ತವೆ. ಅವರಿಗೆ ರೇಟು ಬೇರೆ.

ನನ್ನ ಸ್ವಂತ ಯಂತ್ರದಲ್ಲಿ ಪ್ರೊಸೆಸರ್ ಸಾಲಿಗೆ 820 ಮೈಕ್ರೋಫ್ಯಾರಡಿನ ಪಾಲಿಮರ್ ಕೆಪ್ಯಾಸಿಟರ್ (ಒಳಗೆ ದ್ರಾವಣದ ಬದಲು ಘನವಸ್ತು ಇರುವಂಥದ್ದು) ಹಾಕಿ ನೋಡುತ್ತಿದ್ದೇನೆ. ಬೆಲೆ ಸುಮಾರು ಎರಡರಷ್ಟು, ಆದರೆ ಚಳಿಗೆ ಜಗ್ಗುವುದಿಲ್ಲ. ಅವು 2.5 ವೋಲ್ಟಿನವು, 12 ವೋಲ್ಟಿನ ಕಡೆ ಹಾಕಿದರೆ ಸಿಡಿಯುತ್ತವೆ. ಇನ್ನು ಸಿಡಿಲು ಬಡಿದ ಬೋರ್ಡಿಗೆ ಹೇರ್ ಡ್ರೈಯರ್ ಹಿಡಿದು ಕೂರಬೇಡಿ. ಅಂಥವನ್ನು ನಾನು ಬಿಚ್ಚುವುದೇ ಇಲ್ಲ.