ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚೆ ಎರಡು ಮನೆಗೆ ಹೋದದ್ದು

2020ರ ಮಾರ್ಚ್ ಕೊನೆಗೆ ಕೇರಳ, ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಡಯಾಲಿಸಿಸ್‌ಗೆ ಹೋಗುವವರು, ಹೆರಿಗೆಗೆ ದಿನ ಎಣಿಸುತ್ತಿದ್ದವರು ಎಲ್ಲರೂ ಈಚೆ ಉಳಿದುಬಿಟ್ಟರು. ನಮ್ಮ ಇಗರ್ಜಿಗಳೂ, ಎಂದರೆ ಚರ್ಚುಗಳೂ, ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಆಗ ಕೇರಳದಲ್ಲೇ ಜಾಸ್ತಿ ಕೊರೊನಾ ಕೇಸು ಇದ್ದದ್ದು ನಮ್ಮ ಜಿಲ್ಲೆಯಲ್ಲಿ. ಗಲ್ಫಿನಿಂದ ಯಾರಾದರೂ ಬಂದಿದ್ದರೆ ಆ ಮನೆಯ ಕಡೆ ಜನ ತಿರುಗಿ ನೋಡದೆ ನಡೆಯುತ್ತಿದ್ದರು.

ನಾನು ಆಗ ನಮ್ಮ ವಾಳೆಯ ಗುರಿಕಾರ. ಇಗರ್ಜಿಗೆ ಸೇರಿದ ಮನೆಗಳನ್ನು ವಾಳೆಗಳಾಗಿ ಮಾಡಿರುತ್ತಾರಲ್ಲ, ಒಂದು ವಾಳೆಗೆ ಒಬ್ಬ ಗುರಿಕಾರ. ಮದುವೆ, ಸಾವು, ಬೇಲಿ ಜಗಳ, ಎಲ್ಲದಕ್ಕೂ ಮೊದಲು ಕರೆಯುವುದು ಅವನನ್ನೇ.

ನಮ್ಮ ವಾಳೆಯ ಒಂದು ಮನೆಯ ಗುಡ್ಡದಲ್ಲಿ ಸುರಂಗವಿದೆ. ನಮ್ಮ ಕಡೆ ಸುರಂಗ ಎಂದರೆ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ದಾರಿ. ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗುವಷ್ಟು ಅಗಲ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬೀಳುತ್ತದೆ. ಈ ಸುರಂಗ 40 ಕೋಲು. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಅಜ್ಜಂದಿರ ಕಾಲದಲ್ಲಿ ಕೊರೆಸಿದ್ದು. ಜಾಗ ಮೇಲಿನ ಮನೆಯ ನಮ್ಮವರದ್ದು, ಅರ್ಧ ಕೂಲಿ ಕೆಳಗಿನ ಬ್ಯಾರಿಗಳ, ಎಂದರೆ ಕರಾವಳಿಯ ಮುಸ್ಲಿಮರ, ಮನೆಯವರದ್ದು. ಅಂದಿನಿಂದ ಎರಡೂ ಮನೆಗೆ ಅದೇ ನೀರು.

ಬ್ಯಾರಿಗಳ ಮಗ ಮಾರ್ಚ್‌ನಲ್ಲಿ ದುಬೈಯಿಂದ ಬಂದ. 28 ದಿನ ಮನೆಯಲ್ಲೇ ಇರಬೇಕೆಂಬ ನಿಯಮ. ಅವನು ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಆದರೆ ಅವನು ಪೇಟೆಯಲ್ಲಿ ತಿರುಗುತ್ತಿದ್ದಾನೆ ಎಂಬ ಒಂದು ವಾಯ್ಸ್ ಮೆಸೇಜು ಎಲ್ಲ ಫೋನಿಗೂ ಬಂತು. ಅದನ್ನು ನಮ್ಮ ವಾಳೆಯ ಗುಂಪಿಗೆ ಕಳಿಸಿದವನು ನಾನು. ಹಿಂದೆಮುಂದೆ ವಿಚಾರಿಸಲಿಲ್ಲ. ಜಾಗ್ರತೆಯಾಗಿರಲಿ ಅಂದುಕೊಂಡೆ. ಮರುದಿನ ಮೇಲಿನ ಮನೆಯವರು ಬ್ಯಾರಿಗಳ ಪೈಪನ್ನು ಕಟ್ಟಿಬಿಟ್ಟರು.

ನನಗೆ ಅದು ಗೊತ್ತಾಗುವಾಗ ಹನ್ನೊಂದು ದಿನ ಕಳೆದಿತ್ತು. ಅಂದು ಏಪ್ರಿಲ್ 9, ಪವಿತ್ರ ಗುರುವಾರ. ಇಗರ್ಜಿ ಮುಚ್ಚಿತ್ತು, ಮೊಬೈಲಿನಲ್ಲಿ ಪೂಜೆ ನೋಡುತ್ತಿದ್ದೆವು. ಆ ವರ್ಷ ಪಾದ ತೊಳೆಯುವ ವಿಧಿಯೂ ಇರಲಿಲ್ಲ. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ ಮಾತಿದೆ, ಮತ್ತಾಯನ 5ನೇ ಅಧ್ಯಾಯದಲ್ಲಿ. ಅದು ಎದೆಗೆ ಚುಚ್ಚಿತು. ಫೋನ್ ಹೆಂಡತಿಯ ಕೈಗೆ ಕೊಟ್ಟು ಎದ್ದೆ.

ಮೊದಲು ಹೋದದ್ದು ಬ್ಯಾರಿಗಳ ಮನೆಗೆ. ಅಂಗಳದ ಹೊರಗೆ ನಿಂತು, ಮಾಸ್ಕ್ ಹಾಕಿಕೊಂಡೇ, ಆ ಮೆಸೇಜು ಕಳಿಸಿದವರಲ್ಲಿ ನಾನೂ ಒಬ್ಬ, ತಪ್ಪಾಯ್ತು ಎಂದೆ. ರಾಜಿ ಮಾಡಿಸಲು ಬಂದೆ ಎಂದು ಹೇಳಲಿಲ್ಲ. ಹಾಗೆ ಹೇಳಲು ನನಗೆ ಯಾವ ಹಕ್ಕು? ಹುಡುಗನ ತಂದೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಪೊರ್ಬುಳೇ, ನೀರು ಹೇಗಾದರೂ ತರಬಹುದು. ನನ್ನ ಮಗನ ಹೆಸರು ಹಾಗೆ ಹೇಳಬಾರದಿತ್ತು" ಎಂದರು. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬುಳು ಎಂದೇ ಕರೆಯುವುದು. ಅವರ ಹೆಂಡತಿ ಮುಕ್ಕಾಲು ಮೈಲು ದೂರದಿಂದ ಕೊಡದಲ್ಲಿ ನೀರು ಹೊರುತ್ತಿದ್ದರು. ಮನೆಯಿಂದ ಹೊರಗೆ ಬಂದರೆಂದು ಅವರನ್ನೂ ಜನ ಬೈದಿದ್ದರು.

ಅದೇ ದಿನ ಮೇಲಿನ ಮನೆಗೆ ಒಬ್ಬನೇ ಹೋದೆ. ನಾಲ್ಕು ಜನರನ್ನು ಕರೆದುಕೊಂಡು ಹೋಗಿದ್ದರೆ ಆ ಮನೆಯ ಯಜಮಾನ ಬಾಪ್ಪು ಮಾನ ಹೋಯಿತೆಂದು ಹಟ ಹಿಡಿಯುತ್ತಿದ್ದರು. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಿ ಮಾತಾಡು ಎಂಬುದೂ ಮತ್ತಾಯನ ಪುಸ್ತಕದಲ್ಲೇ ಇದೆ. ಅದು ಎಷ್ಟು ನಿಜ ಎಂದು ಅಂದು ತಿಳಿಯಿತು. ಅವರು ಕೆಟ್ಟವರಲ್ಲ. ಮನೆಯಲ್ಲಿ ಉಬ್ಬಸದ ತಾಯಿ, ಸಣ್ಣ ಮೊಮ್ಮಗು. ಹೆದರಿದ್ದರು. ಹೆದರಿಕೆಯನ್ನು ಪೂರ್ತಿ ಕೇಳಿಸಿಕೊಂಡೆ. ಆದರೆ ನೀರು ಕಟ್ಟಿದ್ದು ಸರಿ ಎನ್ನಲು ನನ್ನಿಂದ ಆಗಲಿಲ್ಲ. "ಬಾಪ್ಪು, ಮೆಸೇಜು ಸುಳ್ಳು, ಅದನ್ನು ಕಳಿಸಿದ ತಪ್ಪು ನನ್ನದು. ಪೈಪು ಕಟ್ಟಿದ್ದು ನಿಮ್ಮದು" ಎಂದೆ. ಇಬ್ಬರಿಗೂ ಸಮ ಸಮ ಹೇಳಿ ಬರುವುದೇ ಶಾಂತಿ ಎಂದು ಕೆಲವರು ತಿಳಿಯುತ್ತಾರೆ. ಬಾಯಾರಿದವರ ಮುಂದೆ ಹಾಗೆ ಹೇಳುವುದು ನನಗೆ ಪಾಪ ಅನಿಸುತ್ತದೆ.

ಅವರು ಆಗ ಒಪ್ಪಲಿಲ್ಲ. ಮರುದಿನ ಶುಭ ಶುಕ್ರವಾರ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. ಅವರು ದಿನಾ ಹುಡುಗನ ವಿಚಾರ ನೋಡುತ್ತಿದ್ದವರು. ಅವರೇ ಬಂದು, ಅವನಿಗೆ ಜ್ವರವಿಲ್ಲ, ಮೇಲಿನಿಂದ ಕೆಳಗೆ ಹರಿಯುವ ನೀರಿನಲ್ಲಿ ನಿಮಗೆ ಏನು ಬರುತ್ತದೆ ಎಂದು ಬಾಪ್ಪುವನ್ನು ಕೇಳಿದರು. ನನ್ನ ಹತ್ತು ಮಾತಿಗಿಂತ ಅದು ಕೆಲಸ ಮಾಡಿತು. ಆದರೂ ತೊಟ್ಟಿ ಮುಟ್ಟುವ ಹೆದರಿಕೆ ಉಳಿದಿತ್ತು. ಹಾಗಾಗಿ ಸುರಂಗದ ಬಾಯಿಯಿಂದಲೇ ಕೆಳಗಿನ ಮನೆಗೆ ಬೇರೆ ಪೈಪು ಎಳೆದೆವು. ಬೆಳಿಗ್ಗೆ ಒಂದು ಮನೆಗೆ, ಸಂಜೆ ಇನ್ನೊಂದು ಮನೆಗೆ. ಏಪ್ರಿಲ್‌ನಲ್ಲಿ ನೀರು ನೂಲಿನಷ್ಟು ಸಣ್ಣ, ಹೊತ್ತು ಹೇಳದಿದ್ದರೆ ಮತ್ತೆ ಜಗಳ. ಅಂಗಡಿ ಮುಚ್ಚಿತ್ತು, ಪೈಪು ನನ್ನ ತೋಟದ ಹಳೆಯದ್ದೇ. ಶನಿವಾರ ಸಂಜೆ ಕೆಳಗಿನ ಮನೆಗೆ ನೀರು ತಲುಪಿತು. ಮರುದಿನ ಪಾಸ್ಖ, ಅದಾಗಿ ಎರಡು ದಿನಕ್ಕೆ ವಿಷು.

ಗುಂಪಿನಲ್ಲಿ ಇನ್ನೊಂದು ವಾಯ್ಸ್ ಮೆಸೇಜು ಹಾಕಿದೆ, ಕೊಂಕಣಿಯಲ್ಲಿ, ನನ್ನದೇ ದನಿಯಲ್ಲಿ: ಮೊದಲು ಕಳಿಸಿದ್ದು ಸುಳ್ಳು, ಕಳಿಸಿದವನು ನಾನು. ಇಬ್ಬರು ಗುಂಪು ಬಿಟ್ಟು ಹೋದರು. ಅಂದಿನಿಂದ ಇಂಥ ಮೆಸೇಜು ಬಂದರೆ, ಅದರಲ್ಲಿ ಯಾರ ಹೆಸರಿದೆಯೋ ಅವರಿಗೇ ಮೊದಲು ಫೋನ್ ಮಾಡುತ್ತೇನೆ. ಒಂದು ಮನೆಯಲ್ಲಿ ಕೇಳಿದ ಮಾತನ್ನು ಇನ್ನೊಂದು ಮನೆಗೆ ಒಯ್ಯುವುದಿಲ್ಲ, ಅದು ಒಳ್ಳೆಯ ಮಾತಾದರೆ ಮಾತ್ರ ಒಯ್ಯುತ್ತೇನೆ.

ಗಂಡಸರು ಈಗ ಸೇರಿಯೇ ಸುರಂಗದ ಹೂಳು ತೆಗೆಸುತ್ತಾರೆ. ಸೆಪ್ಟೆಂಬರ್‌ನ ತೆನೆ ಹಬ್ಬಕ್ಕೆ ಹೊಸ ಅಕ್ಕಿಯ ಪಾಯಸ ಕೆಳಗೆ ಹೋಗುತ್ತದೆ. ಆದರೆ ಬ್ಯಾರಿಗಳ ಹೆಂಡತಿ ಇಂದಿಗೂ ಮೇಲಿನ ಮನೆಯ ಮೆಟ್ಟಿಲು ಹತ್ತಿಲ್ಲ. ಎಲ್ಲ ಮುಗಿಯಿತಲ್ಲ, ಒಮ್ಮೆ ಹೋಗಿ ಬನ್ನಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹದಿಮೂರು ದಿನ ಬಿಸಿಲಲ್ಲಿ ಕೊಡ ಹೊತ್ತದ್ದು ಅವರು.