ಬೇಲಿ ಹಾಕಿ ಕೆಟ್ಟೆ

ಮೂಡಿಗೆರೆ ಕಡೆ ನಮ್ಮ ಕಾಫಿ ತೋಟದ ಕೆಳಗೆ ಒಂದು ಹಡ್ಲು, ಅಂದರೆ ನೀರು ನಿಲ್ಲುವ ತಗ್ಗಿನ ಗದ್ದೆ, ಇದೆ. ಅಲ್ಲಿ ಭತ್ತ ನಾಟಿ ಮಾಡಿ ಹತ್ತು ವರ್ಷವಾಯಿತು. ಆಳು ಸಿಗುವುದಿಲ್ಲ, ಸಿಕ್ಕರೂ ಲೆಕ್ಕ ಕೂಡುವುದಿಲ್ಲ. ಅಕ್ಕಪಕ್ಕದವರು ಬಸಿಗಾಲುವೆ ತೆಗೆದು ಅಡಿಕೆ ಇಟ್ಟರು. ನಾನೂ ಜೆಸಿಬಿಗೆ ಹೇಳಿದ್ದೆ. ಅಳತೆ ನೋಡೋಣ ಅಂತ ಇಳಿದಾಗ ಕಂಡದ್ದು ಡ್ರೊಸೆರಾ ಅನ್ನುವ ಹುಳ ತಿನ್ನುವ ಗಿಡ.

ಒಂದು ರೂಪಾಯಿ ನಾಣ್ಯದಷ್ಟಗಲ, ನೆಲಕ್ಕೆ ಒತ್ತಿಕೊಂಡ ಕೆಂಪು ಗಿಡ. ಎಲೆ ತುಂಬ ಕೂದಲು, ಕೂದಲ ತುದಿಗೊಂದು ಹನಿ. ಇಬ್ಬನಿ ಅಂದುಕೊಂಡರೆ ಬಿಸಿಲೇರಿದರೂ ಆರುವುದಿಲ್ಲ, ಅದು ಅಂಟು. ಮಂಡಿಯೂರಿ ನೋಡುತ್ತಿರುವಾಗಲೇ ಒಂದು ನುಸಿ ಬಂದು ಕೂತಿತು. ಅಂಚಿನ ಕೂದಲುಗಳು ಕೆಲವೇ ಸೆಕೆಂಡಿನಲ್ಲಿ ಬಾಗಿ ಅದನ್ನು ಒಳಕ್ಕೆ ಒತ್ತಿಬಿಟ್ಟವು. ನಡುವೆ ಎದ್ದ ಕಡ್ಡಿಯಲ್ಲಿ ಪುಟ್ಟ ಬಿಳಿ ಹೂ. ಬಿಸಿಲಿದ್ದರೆ ಅರಳುತ್ತದೆ, ಮೋಡವಿದ್ದರೆ ಮುದುಡಿಕೊಂಡೇ ಇರುತ್ತದೆ. ಅಲ್ಲಿಂದಲೇ ಜೆಸಿಬಿಯವನಿಗೆ ಬೇಡ ಅಂತ ಫೋನ್ ಮಾಡಿದೆ.

ಬೇರೆ ಊರುಗಳಲ್ಲಿ ಇದು ಸಿಗುವುದೇ. ಆದರೆ ನಮ್ಮ ಸುತ್ತಿನ ಹಡ್ಲುಗಳಲ್ಲಿ ಹುಡುಕಿದೆ, ಒಂದರಲ್ಲೂ ಕಾಣಲಿಲ್ಲ.

ಮೊದಲು ನಾಲ್ಕು ಗಿಡ ಕಿತ್ತು ಕುಂಡಕ್ಕಿಟ್ಟೆ. ಪ್ರೀತಿಯಿಂದ ಕೊಟ್ಟಿಗೆ ಗೊಬ್ಬರ ಹಾಕಿದೆ. ವಾರದಲ್ಲೇ ಕಪ್ಪಾದವು. ಬಡ ನೆಲದಲ್ಲಿ ಸಾರಜನಕ ಸಿಗದೆ ತಾನೆ ಅದು ಹುಳ ಹಿಡಿಯುವುದು! ಉಂಡವನಿಗೆ ಮತ್ತೆ ಬಡಿಸಿ ಕೊಂದ ಹಾಗಾಯಿತು.

ಆಮೇಲೆ ದನ ತುಳಿಯದಿರಲಿ ಅಂತ ಬೇಲಿ ಹಾಕಿದೆ. ಮಳೆಗಾಲ ಕಳೆದು ನೋಡಿದರೆ ಮೊಣಕಾಲೆತ್ತರ ಹುಲ್ಲು, ಡ್ರೊಸೆರಾ ಹನ್ನೊಂದೇ. ತೋಟದ ಕೆಲಸಕ್ಕೆ ಬರುವ ಅಕ್ಕ ನಕ್ಕರು. "ಅಯ್ಯೋ ಅಣ್ಣ, ಹುಲ್ಲು ಸಾಕಿದ್ದೀರಲ್ಲ! ದನ ಮೇಯ್ದ ಜಾಗದಲ್ಲೇ ಅಲ್ವಾ ಇದು ಇದ್ದಿದ್ದು?" ಅವರು ಹೇಳಿದ್ದೇ ಸರಿ. ಬಿಸಿಲು ಬೀಳುವ ಬೋಳು ಕೆಸರು ಅದಕ್ಕೆ ಬೇಕು. ಬೇಲಿ ಕಿತ್ತೆ. ಈಗ ಮಳೆ ಕಡಿಮೆಯಾದ ಮೇಲೆ ಕುಡುಗೋಲಿನಲ್ಲಿ ಹುಲ್ಲು ಕೊಯ್ದು ಹೊರಗೆ ಸಾಗಿಸುತ್ತೇವೆ, ಅಲ್ಲೇ ಕೊಳೆಯಲು ಬಿಡುವುದಿಲ್ಲ. ಬೀಜ ಉದುರಿದ ಮೇಲೆ ಬೇಸಿಗೆಯಲ್ಲಿ ದನ ಬಿಡುತ್ತೇವೆ.

ಜಾಸ್ತಿ ತಲೆಕೆಡಿಸಿದ್ದು ಸುಣ್ಣ. ನಮ್ಮ ಹುಳಿ ಮಣ್ಣಿಗೆ, ಹುಳಿ ತಗ್ಗಲಿ ಅಂತ, ಕಾಫಿಯವರೆಲ್ಲ ಸುಣ್ಣ ಹಾಕುತ್ತೇವೆ. ಮಳೆ ಬಂದರೆ ಅದೂ ಗೊಬ್ಬರವೂ ತೊಳೆದುಕೊಂಡು ಹಡ್ಲಿಗೇ ಇಳಿಯುತ್ತವೆ. ಡ್ರೊಸೆರಾಕ್ಕೆ ಹುಳಿ ನೆಲವೇ ಬೇಕು. ಹಾಗಾಗಿ ತೋಟದ ಕೆಳಗಿನ ಮೂರು ಸಾಲಿಗೆ ಎರಡನ್ನೂ ನಿಲ್ಲಿಸಿದೆ, ಅದರ ಮೇಲಕ್ಕೆ, ಹರಿದು ಬರುವ ನೀರು ತಡೆದು ಇಂಗಿಸುವ ತೊಟ್ಟಿಲು ಗುಂಡಿ ಹೊಡೆಸಿದೆ. ಆ ಮೂರು ಸಾಲಿನಲ್ಲಿ ಫಸಲು ಕಡಿಮೆ, ಮನೆಯಲ್ಲಿ ಬೈಗುಳ ಸ್ವಲ್ಪ ಜಾಸ್ತಿ.

ಬೀಜ ನಶ್ಯದ ಪುಡಿಯಷ್ಟು ಸಣ್ಣ. ಒಣಗಿದ ಕಾಯನ್ನು ಕಾಗದದ ಮೇಲೆ ತಟ್ಟಿ, ಒದ್ದೆ ಕೆಸರಿನ ಮೇಲೆ ಸುಮ್ನೆ ಉದುರಿಸುತ್ತೇನೆ. ಮಣ್ಣು ಮುಚ್ಚಬಾರದು, ಬೆಳಕು ಬೀಳಬೇಕು. ಹೋದ ವರ್ಷ ಹಾಗೆ ಉದುರಿಸಿದ ಕಡೆ ಈ ಸಲ ನಲವತ್ತರ ಮೇಲೆ ಎಣಿಸಿದೆ.

ಈಗ ಪಕ್ಕದವರು ನಮ್ಮ ಗಡಿಗೆ ತಾಗಿಯೇ ಕಾಲುವೆ ಹೊಡೆಸಬೇಕು ಅನ್ನುತ್ತಿದ್ದಾರೆ. ಹೊಡೆದರೆ ಹೇಮಾವತಿಗೆ ನಿಧಾನಕ್ಕೆ ಜಿನುಗುತ್ತಿದ್ದ ನಮ್ಮ ಹಡ್ಲಿನ ನೀರೂ ಒಂದೇ ಸಲಕ್ಕೆ ಬಸಿದುಹೋಗುತ್ತದೆ. ಹತ್ತಡಿ ಬಿಟ್ಟು ತೆಗೀರಿ ಅಂತ ಕೇಳಿದ್ದೇನೆ. "ನೋಡೋಣ ಬಿಡಿ" ಅಂದಿದ್ದಾರೆ.